ನಮ್ಮ ಸೀಮೆಯ ಗಿಳಿ: ಅದರ ನೆಲೆ ಮತ್ತು ಆಹಾರ

ಗಿಳಿಯನ್ನು ಅರಿಯದ ಕನ್ನಡಿಗರಿಲ್ಲ. ಅರ್ಥವರಿಯದೆ ಒಪ್ಪಿಸುವ ಪಾಠವನ್ನು ಗಿಳಿಪಾಠವೆನ್ನುತ್ತೇವೆ. ತುದಿ ಬಾಗಿದ ಮಾವಿನಕಾಯಿಗೆ ಗಿಣಿಮೂತಿಯೆಂದು ಹೆಸರಿಟ್ಟಿದ್ದೇವೆ. ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಪಂಜರದ ಮುಂದೆ ಕುಳಿತು ನಮ್ಮ ಭವಿಷ್ಯದ ಚೀಟಿಯನ್ನು ಅದರ ಕೊಕ್ಕಿನಿಂದಲೇ ಎತ್ತಿಸುತ್ತ ಬಂದಿದ್ದೇವೆ. ಆದರೆ ಇಷ್ಟು ಬಳಕೆಯ ಹಕ್ಕಿಯು ರಾತ್ರಿ ಎಲ್ಲಿ ತಂಗುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ತಿಂಗಳಲ್ಲಿ ಏನು ತಿಂದು ಬದುಕುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗಬೇಕಾಗುತ್ತದೆ. ಪಂಜರದ ಗಿಳಿಯ ವಿಷಯವಾಗಿ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಹೊಲದ ಗಿಳಿಯ ವಿಚಾರ.

ಮೊದಲೇ ಹೇಳಿಬಿಡುವುದು ಲೇಸು: ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯಲ್ಲ. ಇತಿಹಾಸ ಮತ್ತು ಕನ್ನಡ ಸಾಹಿತ್ಯಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವಳು, ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಿಂದ ಬಂದವಳು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ನಮಗಿರುವುದು ಮಳೆಯನ್ನೇ ನಂಬಿದ ಎರಡು ಎಕರೆ ಹೊಲ. ಅದರಲ್ಲಿ ಬೆಳೆಯುವ ಮೆಕ್ಕೆಜೋಳವೇ ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ. ಒಂದು ವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ ಗಿಳಿಯ ಹಿಂಡು ಬಂದು ಹೊಲದ ಅಂಚನ್ನೆಲ್ಲ ಸೂರೆಮಾಡಿದಾಗ ಅಪ್ಪ ನನ್ನ ಕಡೆ ತಿರುಗಿ, "ಇಷ್ಟು ಓದೀಯಲ್ಲವ್ವಾ, ಈ ಗಿಣಿ ಓಡ್ಸಾಕೆ ನಿನ್ನ ಪುಸ್ತಕದಾಗ ಏನಾರ ಬರ್ದೈತೇನು?" ಎಂದು ಕೇಳಿದರು. ಹಾಸ್ಯಕ್ಕೆ ಕೇಳಿದ ಮಾತಲ್ಲ. ಅಂದಿನಿಂದ ಸಲೀಂ ಅಲಿಯವರ ಪುಸ್ತಕವನ್ನು ಗ್ರಂಥಾಲಯದಲ್ಲಿ ನೋಡಿದೆ. ರಜಾದಿನಗಳಲ್ಲಿ ಚನ್ನಗಿರಿಯ ಸೋದರತ್ತೆಯ ಮನೆಗೂ, ಹೊನ್ನಾಳಿ ಮತ್ತು ನ್ಯಾಮತಿಗಳ ಸಹಪಾಠಿಗಳ ಊರುಗಳಿಗೂ ಹೋದಾಗ ಕಣ್ಣಿಟ್ಟು ನೋಡಿದೆ. ಆ ಓದಿನಿಂದ ಮತ್ತು ನೋಟದಿಂದ ತಿಳಿದುಬಂದುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಗಿಳಿಗಳಲ್ಲಿ ಹಲವು ಜಾತಿಗಳುಂಟು. ನಮ್ಮ ಹೊಲಗಳಿಗೆ ಬರುವುದು ಕೊರಳಲ್ಲಿ ಗುಲಾಬಿ ಬಣ್ಣದ ಹಾರವಿರುವ ಸಾಮಾನ್ಯ ಗಿಳಿ. ಇದರ ಶಾಸ್ತ್ರೀಯ ನಾಮ ಸಿಟ್ಟಾಕುಲ ಕ್ರಾಮೆರಿ. 1769ರಲ್ಲಿ ಸ್ಕೊಪೊಲಿ ಎಂಬ ವಿಜ್ಞಾನಿಯು ಕ್ರಾಮರ್ ಎಂಬವನ ನೆನಪಿಗಾಗಿ ಇಟ್ಟ ಹೆಸರು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂಟಿಮೀಟರು ಉದ್ದ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಹಾರವಿರುವುದು ಗಂಡಿಗೆ ಮಾತ್ರ. ಅದಕ್ಕೂ ಹುಟ್ಟಿದ ಕೂಡಲೆ ಬರುವುದಿಲ್ಲ, ಎರಡು ಮೂರು ವರ್ಷ ಕಾಯಬೇಕು. ಆಫ್ರಿಕದಲ್ಲಿ ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಹುಲ್ಲುಗಾವಲಿನ ಸೀಮೆಯಲ್ಲಿಯೂ ನಮ್ಮ ದೇಶದಲ್ಲಿಯೂ ಇದರ ಸಹಜ ವಾಸ. ಪಂಜರದಿಂದ ತಪ್ಪಿಸಿಕೊಂಡ ಗಿಳಿಗಳು ಲಂಡನ್ ನಗರದ ಚಳಿಯಲ್ಲಿಯೂ ಸಂಸಾರ ಹೂಡಿ ಈಗ ಅಲ್ಲಿನ ಉದ್ಯಾನಗಳಲ್ಲಿ ಹಿಂಡುಗಟ್ಟಿ ಹಾರುತ್ತಿವೆಯೆಂದರೆ, ಈ ಹಕ್ಕಿಯ ಗಟ್ಟಿತನವನ್ನು ನಾವು ಊಹಿಸಿಕೊಳ್ಳಬಹುದು. ಇದಲ್ಲದೆ ಗಂಡಿನ ತಲೆ ನೇರಳೆಗೆಂಪಾಗಿರುವ, ಬಾಲದ ತುದಿ ಬೆಳ್ಳಗಿರುವ ಇನ್ನೊಂದು ಚಿಕ್ಕ ಗಿಳಿಯನ್ನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಯ ಕಾಡಿನ ಅಂಚಿನಲ್ಲಿ ಕಂಡಿದ್ದೇನೆ. ಅದು ಮರಗಳ ನೆರಳನ್ನು ಬಿಟ್ಟು ಬಯಲಿಗೆ ದೂರ ಬರುವ ಸ್ವಭಾವದ್ದಲ್ಲ. ಆದ್ದರಿಂದ ಅದರ ಮಾತನ್ನು ಇಲ್ಲಿಗೆ ಬಿಡುತ್ತೇನೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಗ ಹೊನ್ನಾಳಿಯ ಭಾಗವೇ ಆಗಿದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಮಲೆನಾಡಿನ ಸೆರಗೂ ಬಯಲುಸೀಮೆಯ ಒಡಲೂ ಕೂಡಿವೆ. ಚನ್ನಗಿರಿಯಲ್ಲಿ ಅಡಿಕೆ, ತೆಂಗು, ಭದ್ರಾ ಕಾಲುವೆಯ ನೀರು, ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆ. ಹೊನ್ನಾಳಿಯಲ್ಲಿ ತುಂಗಭದ್ರೆ, ಭತ್ತದ ಗದ್ದೆ. ನ್ಯಾಮತಿಯಲ್ಲಿ, ಅದರಲ್ಲಿಯೂ ಸವಳಂಗದ ಕಡೆ ಹೋದಂತೆ, ಮೆಕ್ಕೆಜೋಳದ ಹೊಲಗಳ ನಡುನಡುವೆ ಕುರುಚಲು ಕಾಡಿನ ಗುಡ್ಡಗಳು. ಜಗಳೂರಿನಲ್ಲಿ ಕಲ್ಲು, ಮುಳ್ಳು, ಮಳೆಯ ನಿರೀಕ್ಷೆ. ಕೊಂಡುಕುರಿಗಳಿಗಾಗಿ 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ರಂಗಯ್ಯನದುರ್ಗದ ಕಾಡು ಇರುವುದೂ ಇಲ್ಲಿಯೇ. ಈ ನಾಲ್ಕೂ ಕಡೆ ಗಿಳಿಯುಂಟು. ಇಷ್ಟು ಬೇರೆ ಬೇರೆ ನೆಲಗಳಲ್ಲಿ ಒಂದೇ ಹಕ್ಕಿ ಹೇಗೆ ಬಾಳುತ್ತದೆ? ಅದರ ಊಟದ ಪಟ್ಟಿಯನ್ನು ನೋಡಿದರೆ ಉತ್ತರ ಸಿಕ್ಕುತ್ತದೆ.

ಗಿಳಿಯ ಕೊಕ್ಕು ಒಂದು ಅಡಕತ್ತರಿ. ಇತರ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಕೊಕ್ಕೇ ಹೆಚ್ಚು ಆಡುತ್ತದೆ. ಗಿಳಿಯಲ್ಲಿ ಮೇಲ್ಗೊಕ್ಕೂ ಕೀಲಿಟ್ಟಂತೆ ಚೆನ್ನಾಗಿ ಆಡುತ್ತದೆ. ಕಾಲಿನ ಬೆರಳುಗಳಲ್ಲಿ ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಆದ್ದರಿಂದ ಒಂದು ಕಾಲಿನಲ್ಲಿ ಕೊಂಬೆಯನ್ನು ಹಿಡಿದು, ಇನ್ನೊಂದರಲ್ಲಿ ಕಾಯನ್ನು ನಾವು ಕೈಯಲ್ಲಿ ಹಿಡಿಯುವಂತೆ ಹಿಡಿದು, ತಿರುಗಿಸಿ ತಿರುಗಿಸಿ ಸುಲಿದು ತಿನ್ನುತ್ತದೆ. ಗಟ್ಟಿ ಸಿಪ್ಪೆಯ ಬೀಜ, ಬಲಿಯದ ಕಾಯಿ, ಮೃದುವಾದ ಹಣ್ಣು, ಹೂವಿನ ಮಕರಂದ ಇವೆಲ್ಲಕ್ಕೂ ಈ ಒಂದೇ ಉಪಕರಣ ಸಾಕು.

ನಮ್ಮ ಸೀಮೆಯಲ್ಲಿ ಗಿಳಿಯ ವರ್ಷವು ಹೂವಿನಿಂದ ಪ್ರಾರಂಭವಾಗುತ್ತದೆನ್ನಬಹುದು. ಜನವರಿಯಿಂದಾಚೆಗೆ ಬೂರುಗ, ಆಮೇಲೆ ಮುತ್ತುಗ ಅರಳಿದಾಗ ಗಿಳಿಗಳು ಆ ಮರಗಳನ್ನು ಮುತ್ತಿಕೊಂಡು ಮಕರಂದಕ್ಕಾಗಿ ಹೂಗಳನ್ನು ಕಿತ್ತು ಬೀಳಿಸುತ್ತವೆ. ಹಿಂಗಾರಿ ಬಿಳಿಜೋಳದ ತೆನೆ ಇರುವಲ್ಲಿ ಅದಕ್ಕೂ ಬೀಳುತ್ತವೆ. ಬೇಸಗೆಯಲ್ಲಿ ಹುಣಸೆ ಮತ್ತು ಸೀಮೆಹುಣಸೆಯ ಕಾಯಿ, ಆಲ ಅರಳಿ ಅತ್ತಿಗಳ ಹಣ್ಣು. ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಬೇವಿನ ಹಣ್ಣು. ನಮ್ಮ ನಾಲಿಗೆಗೆ ವಿಷವಾದ ಬೇವು ಅದಕ್ಕೆ ಔತಣ. ಮೆಣಸಿನಕಾಯಿಯ ಮಾತೂ ಹಾಗೆಯೇ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯವು ನಮ್ಮ ಬಾಯಿಯ ನರಗಳನ್ನು ಸುಡುವಂತೆ ಹಕ್ಕಿಗಳ ನರಗಳನ್ನು ಸುಡಲಾರದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಗಿಳಿಗೆ ಮೆಣಸಿನಕಾಯಿ ತಿನ್ನಿಸಿದರೆ ಮಾತು ಚುರುಕಾಗುವುದೆಂದು ನಮ್ಮ ಅಜ್ಜಿ ಹೇಳುವುದುಂಟು. ಮಾತಿನ ಸಂಗತಿ ಹೇಗಾದರೂ ಇರಲಿ, ಖಾರ ಮಾತ್ರ ಅದಕ್ಕೆ ತಗಲುವುದೇ ಇಲ್ಲ.

ಇತಿಹಾಸದ ವಿದ್ಯಾರ್ಥಿನಿಯಾಗಿ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಿಳಿಗೆ ಪ್ರಾಣವೆಂದು ನಾವು ಹೇಳುವ ತಿನಿಸುಗಳನ್ನು ಗಮನಿಸಿರಿ: ಮೆಕ್ಕೆಜೋಳ, ಸೂರ್ಯಕಾಂತಿ, ಪೇರಲ, ಮೆಣಸಿನಕಾಯಿ, ಸೀಮೆಹುಣಸೆ. ಇವೆಲ್ಲವೂ ಅಮೆರಿಕ ಖಂಡದ ಮೂಲದವು. ಐದುನೂರು ವರ್ಷಗಳ ಹಿಂದೆ ನಮ್ಮ ನಾಡಿನ ಯಾವ ಗಿಳಿಯೂ ಮೆಕ್ಕೆಜೋಳದ ರುಚಿ ನೋಡಿರಲಿಲ್ಲ. ಬಾಣನ ಕಾದಂಬರಿಯಲ್ಲಿ ತಂದೆಗಿಳಿಯು ಮರಿಗೆ ಗುಟುಕು ಕೊಡುವುದು ಭತ್ತದ ಕಾಳು ಮತ್ತು ಹಣ್ಣಿನ ಚೂರುಗಳಿಂದ. ಜಗಳೂರಿನ ಹೊಲಗಳಲ್ಲಿ ಹಿಂದೆ ಜೋಳ, ನವಣೆ, ಸಜ್ಜೆ, ಶೇಂಗಾ ಇದ್ದವೆಂದು ಹಿರಿಯರು ಹೇಳುತ್ತಾರೆ. ಇಂದು ದಾವಣಗೆರೆ ಜಿಲ್ಲೆಯೆಂದರೆ ಮೆಕ್ಕೆಜೋಳದ ಕಣಜವೆಂದೇ ಹೆಸರು. ಗಿಳಿಯೇನೂ ತನ್ನ ದಾರಿ ಬಿಟ್ಟು ಬಂದದ್ದಲ್ಲ. ಅದರ ದಾರಿಯಲ್ಲಿ ನಾವು ಹೊಸ ಎಲೆ ಹಾಸಿ ಬಡಿಸಿದ್ದೇವೆ.

ಈಗ ಆ ಊಟದ ಕ್ರಮವನ್ನು ನೋಡೋಣ. ಜೂನ್ ತಿಂಗಳಲ್ಲಿ ಬಿತ್ತಿದ ಮೆಕ್ಕೆಜೋಳ ಆಗಸ್ಟ್ ಕೊನೆ, ಸೆಪ್ಟೆಂಬರಿಗೆ ಹಾಲುಗಾಳಾಗುತ್ತದೆ. ಅದಕ್ಕೆ ಮುಂಚೆ ಗಿಳಿ ಆ ಹೊಲವನ್ನು ತಿರುಗಿಯೂ ನೋಡುವುದಿಲ್ಲ. ಕಾಳು ಪೂರ ಗಟ್ಟಿಯಾಗಿ ಸಿಪ್ಪೆ ಒಣಗಿದ ಮೇಲೆ ಅದರ ಆಸಕ್ತಿ ಕಡಿಮೆಯಾಗುತ್ತದೆ. ನಡುವಿನ ಆ ಎರಡು ಮೂರು ವಾರಗಳೇ ಕಂಟಕದ ಕಾಲ. ಹಿಂಡು ಬೆಳಗಿನ ಹೊತ್ತು ಬಂದು ಬಿಸಿಲೇರುವ ಮುನ್ನ ಹಿಂದಿರುಗುತ್ತದೆ. ಮಧ್ಯಾಹ್ನ ಮರಗಳಲ್ಲಿ ವಿಶ್ರಾಂತಿ. ಇಳಿಹೊತ್ತಿಗೆ ಮತ್ತೊಮ್ಮೆ ಬರುತ್ತದೆ. ಮೊದಲು ಇಳಿಯುವುದು ಹೊಲದ ಅಂಚಿನ ಸಾಲುಗಳಿಗೆ, ಅದರಲ್ಲಿಯೂ ಹತ್ತಿರದಲ್ಲಿ ಮರವೋ ವಿದ್ಯುತ್ ತಂತಿಯೋ ಇರುವ ಕಡೆ. ತೆನೆಯ ತುದಿಯಿಂದ ಸಿಪ್ಪೆಯನ್ನು ಸೀಳಿ, ಮೇಲಿನ ಒಂದಷ್ಟು ಕಾಳು ತಿಂದು, ಅದನ್ನು ಮುಗಿಸದೆ ಪಕ್ಕದ ತೆನೆಗೆ ಹಾರುತ್ತದೆ. ತಿಂದದ್ದು ಹಿಡಿಯಷ್ಟಾದರೆ ಕೆಡಿಸಿದ್ದು ಬುಟ್ಟಿಯಷ್ಟು. ಸೀಳಿದ ತೆನೆಯೊಳಗೆ ಮಳೆನೀರು ಇಳಿದು ಬೂಷ್ಟು ಹಿಡಿಯುವುದರಿಂದ ಉಳಿದ ಕಾಳಿಗೂ ಬೆಲೆ ಸಿಕ್ಕುವುದಿಲ್ಲ. ಮಾರುಕಟ್ಟೆಯಲ್ಲಿ ಚೀಲಕ್ಕೆ ಕೈಹಾಕಿ ನೋಡುವವನು ಇದು ಗಿಳಿ ತಿಂದ ಹೊಲದ ಕಾಳೆಂದು ರಿಯಾಯಿತಿ ತೋರಿಸುವವನಲ್ಲ.

ಗಿಳಿಯನ್ನು ಮೆಚ್ಚುವವರು ಕೆಲವರು ಅದರಿಂದ ರೈತನಿಗೂ ಉಪಕಾರವಿದೆಯೆಂದು ಹೇಳುವುದನ್ನು ಕೇಳಿದ್ದೇನೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಗೊರವಂಕ, ಕಾಜಾಣಗಳಂತೆ ಅದು ಹುಳುಗಳನ್ನು ಆರಿಸಿ ತಿನ್ನುವ ಹಕ್ಕಿಯಲ್ಲ. ಹಣ್ಣು ತಿಂದು ಬೀಜವನ್ನು ದೂರಕ್ಕೆ ಬಿತ್ತುವ ಕೆಲಸದಲ್ಲಿಯೂ ಅದು ಹಿಂದೆಯೇ. ಬೀಜವೇ ಅದಕ್ಕೆ ಮುಖ್ಯ ಆಹಾರವಾದುದರಿಂದ ಹೆಚ್ಚಿನವನ್ನು ಅರೆದು ನುಂಗುತ್ತದೆ. ಉಪಕಾರದ ಲೆಕ್ಕದಿಂದ ಗಿಳಿಯ ಪಕ್ಷ ವಹಿಸಲು ಹೋದರೆ ವಕೀಲಿಕೆ ಸೋಲುವುದೇ ಸರಿ.

ಇನ್ನು ನೆಲೆಯ ವಿಷಯ. ಗಿಳಿ ಹುಲ್ಲುಕಡ್ಡಿ ತಂದು ಗೂಡು ಹೆಣೆಯುವುದಿಲ್ಲ. ಅದಕ್ಕೆ ಪೊಟರೆ ಬೇಕು. ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟ ತೂತು, ಕೊಂಬೆ ಮುರಿದು ಕೊಳೆತು ಆದ ಟೊಳ್ಳು, ತಲೆ ಹೋದ ತೆಂಗಿನ ಬೊಡ್ಡೆ, ಕೆಲವು ಕಡೆ ಬಂಡೆಯ ಸಂದು, ಹಳೆಯ ಗೋಡೆಯ ಬಿರುಕು ಇವೇ ಅದರ ಮನೆ. ಸಿಕ್ಕಿದ ತೂತನ್ನು ಕೊಕ್ಕಿನಿಂದ ಕೆರೆದು ಅಗಲ ಮಾಡಿಕೊಳ್ಳುವುದುಂಟು. ಜನವರಿಯಿಂದ ಏಪ್ರಿಲ್‌ವರೆಗೆ ಸಂತಾನಕಾಲ. ನಾಲ್ಕರಿಂದ ಆರು ಬಿಳಿಯ ಮೊಟ್ಟೆಗಳನ್ನಿಟ್ಟು ಹೆಣ್ಣು ಸುಮಾರು ಮೂರು ವಾರಕ್ಕೂ ಮೇಲ್ಪಟ್ಟು ಕಾವು ಕೊಡುತ್ತದೆ. ಗಂಡು ಹೊರಗಿನಿಂದ ಆಹಾರ ತಂದು ಅದರ ಬಾಯಿಗೆ ಕಕ್ಕುತ್ತದೆ. ಮರಿ ಹಾರಲು ಮತ್ತೆ ಆರೇಳು ವಾರ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಓದಿದವರಿಗೆ ವೈಶಂಪಾಯನನೆಂಬ ಗಿಳಿ ಹುಟ್ಟಿದ್ದು ಪಂಪಾಸರಸ್ಸಿನ ಬಳಿಯ ಹಳೆಯ ಬೂರುಗದ ಪೊಟರೆಯಲ್ಲೆಂಬುದೂ, ಮುದಿ ಬೇಡನೊಬ್ಬನು ಆ ಮರವೇರಿ ಮರಿಗಳನ್ನು ಹಿಡಿದು ಕೊಂದು ಕೆಳಕ್ಕೆಸೆದುದೂ ನೆನಪಿರಬಹುದು. ತರಗತಿಯಲ್ಲಿ ಅದನ್ನು ಕರುಣರಸದ ಉದಾಹರಣೆಯಾಗಿ ಬರೆದುಕೊಂಡೆವು. ಹಕ್ಕಿಯ ಪುಸ್ತಕ ಓದಿದ ಮೇಲೆ ತಿಳಿಯಿತು, ಅದು ಕಣ್ಣಾರೆ ಕಂಡವರ ವರ್ಣನೆ: ಮೃದುವಾದ ಬೂರುಗದ ಮರವೇ ಪೊಟರೆಗೆ ಅನುಕೂಲ, ಮತ್ತು ಮರಿ ಹಿಡಿಯುವವರು ಇಂದಿಗೂ ಮರ ಹತ್ತುತ್ತಾರೆ.

ಮರಿ ಹಾರಿದ ಮೇಲೆ ಪೊಟರೆಗೆ ಕೆಲಸವಿಲ್ಲ. ಆಗ ಗಿಳಿಗಳು ಎತ್ತರದ ದಟ್ಟವಾದ ಮರಗಳಲ್ಲಿ ನೂರಾರು ಕೂಡಿ ರಾತ್ರಿ ಕಳೆಯುತ್ತವೆ. ಹೊನ್ನಾಳಿಯ ಬಳಿ ಹೊಳೆದಂಡೆಯ ಮರಗಳಿಗೆ ಸಂಜೆ ಅವು ಬಂದು ಸೇರುವಾಗ ಆಗುವ ಗದ್ದಲ ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯನ್ನು ಮೀರಿಸುತ್ತದೆ. ಚನ್ನಗಿರಿಯಲ್ಲಿ ತೋಟಗಳ ನಡುವೆ ಉಳಿದ ಆಲದ ಮರಕ್ಕೆ ಗುಂಪು ಗುಂಪಾಗಿ, ಬಾಣ ಬಿಟ್ಟಂತೆ, ನೇರವಾಗಿ ಕೂಗುತ್ತ ಬಂದು ಇಳಿಯುವುದನ್ನು ಸೋದರತ್ತೆಯ ಮನೆಯ ಜಗುಲಿಯಿಂದಲೇ ನೋಡುತ್ತಿದ್ದೆ. ಬೆಳಗಾದರೆ ಅಲ್ಲಿಂದ ಹೊರಟು ಹಲವು ಮೈಲಿ ದೂರದ ಹೊಲಗಳಿಗೆ ಹೋಗುತ್ತವೆ. ಅಂದರೆ ಗಿಳಿಗೆ ಮನೆಯೊಂದು ಕಡೆ, ಕಣಜವೊಂದು ಕಡೆ. ಕೊಟ್ಟಿಗೆಯ ದನದ ಹಾಗೆ ಉಂಡಲ್ಲೇ ಮಲಗುವ ಪ್ರಾಣಿಯಲ್ಲ ಅದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳದೆ ಗಿಳಿಗೂ ರೈತನಿಗೂ ಇರುವ ವ್ಯಾಜ್ಯವನ್ನು ತೀರ್ಮಾನಿಸುವುದು ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯ. ಕಣಜವನ್ನು ನಾವು ವರ್ಷೇ ವರ್ಷೇ ದೊಡ್ಡದು ಮಾಡುತ್ತಿದ್ದೇವೆ, ಮನೆಯನ್ನು ಕೆಡವುತ್ತಿದ್ದೇವೆ. ರಸ್ತೆ ಅಗಲಿಸುವಾಗ ಸಾಲುಮರದ ಹುಣಸೆ, ಆಲಗಳು ಹೋಗುತ್ತವೆ. ಬಯಲಿನಲ್ಲಿ ಅಡಿಕೆಯ ಸಸಿ ನೆಡುವಾಗ ಬದುವಿನ ಹಳೆಯ ಮರ ನೆರಳು ಕೊಡುತ್ತದೆಂದು ಹೋಗುತ್ತದೆ. ಒಂದು ಮರಕ್ಕೆ ಗಿಳಿ ಹೊಕ್ಕುವಷ್ಟು ಪೊಟರೆ ಬೀಳಬೇಕಾದರೆ ಹಲವು ದಶಕ ವಯಸ್ಸಾಗಬೇಕು. ವನಮಹೋತ್ಸವದಲ್ಲಿ ನೆಟ್ಟ ಸಸಿ ನಾಳೆಯೇ ಪೊಟರೆ ಕೊಡಲಾರದು.

ಇದು ನಮ್ಮ ಮನೆಯ ಪ್ರಶ್ನೆಯೂ ಹೌದು. ನಮ್ಮ ಹೊಲದ ಬದುವಿನಲ್ಲಿ ತಾತನ ಕಾಲದ ಒಂದು ಬೇವಿನ ಮರವಿದೆ. ಅದರ ಟೊಳ್ಳಿನಲ್ಲಿ ಪ್ರತಿವರ್ಷ ಒಂದು ಜೋಡಿ ಗಿಳಿ ಮರಿ ಮಾಡುತ್ತದೆ. ಮರದ ವ್ಯಾಪಾರಿಯೊಬ್ಬನು ಅದಕ್ಕೆ ಬೆಲೆ ಕಟ್ಟಿದ್ದಾನೆ. ಆ ಹಣದಲ್ಲಿ ತಮ್ಮನ ಪಿಯುಸಿ ಶುಲ್ಕ ತೀರಿ ಸ್ವಲ್ಪ ಮಿಗುತ್ತದೆ. ಜೊತೆಗೆ, ಮರ ಹೋದರೆ ಗಿಳಿಯ ಕಾಟವೂ ಹೋಗುತ್ತದೆಂದು ನೆರೆಹೊಲದವರ ಬುದ್ಧಿವಾದ. ಶುಲ್ಕದ ವಿಷಯದಲ್ಲಿ ನಾನು ಮಾತಾಡಲಾರೆ, ನನ್ನ ಶುಲ್ಕವೂ ಅದೇ ಹೊಲದಿಂದ ಹುಟ್ಟಿದ್ದು. ಎರಡನೆಯ ಮಾತು ಮಾತ್ರ ಸರಿಯಲ್ಲವೆಂದು ಅಪ್ಪನಿಗೆ ಹೇಳಿದೆ. ಪೊಟರೆಯಲ್ಲಿ ಗಿಳಿಯಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಆಗ ನಮ್ಮ ಹೊಲದಲ್ಲಿ ಮೆಕ್ಕೆಜೋಳವೇ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಹೊಲಕ್ಕೆ ಬೀಳುವ ಹಿಂಡು ದೂರದ ತಂಗುಮರದಿಂದ ಬರುವುದು. ಆ ಜೋಡಿಯೂ ಅದರ ಮರಿಗಳೂ ಅದರಲ್ಲಿ ಸೇರಿದ್ದರೂ ನೂರರಲ್ಲಿ ನಾಲ್ಕಾರು. ಬೇವು ಉರುಳಿದರೂ ಹಿಂಡು ಬಂದೇ ಬರುತ್ತದೆ. ಕುಳಿತುಕೊಳ್ಳಲು ಮರ ಸಿಕ್ಕದಿದ್ದರೆ ತಂತಿಯಿದೆ. ಇನ್ನೊಂದು ಸಂಗತಿ: ಆ ಮರದ ಬೇರೊಂದು ಟೊಳ್ಳಿನಲ್ಲಿ ಹಾಲಕ್ಕಿಗಳಿವೆ, ಬುಡಬುಡಿಕೆಯವರು ಶಕುನ ಕೇಳುವ ಅದೇ ಪುಟ್ಟ ಗೂಬೆ. ಅವು ರಾತ್ರಿಯೆಲ್ಲ ಹುಳುಹುಪ್ಪಟೆಯನ್ನೂ ಇಲಿಯನ್ನೂ ಹಿಡಿಯುತ್ತವೆ. ಮರ ಕಡಿದರೆ ಕಳ್ಳನ ಜೊತೆಗೆ ಕಾವಲುಗಾರನನ್ನೂ ಓಡಿಸಿದಂತಾಗುತ್ತದೆ.

ಮರಿ ಹಿಡಿದು ಮಾರುವವರ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ದೇಶದ ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಸಾಕುವುದೂ ಅಪರಾಧ. ಆದರೂ ಈ ಕಸುಬು ಪೂರ ನಿಂತಿಲ್ಲ. ಕೈ ಹೋಗದಷ್ಟು ಆಳದ ಪೊಟರೆಯಾದರೆ ಕೊಡಲಿಯಿಂದ ಬಾಯಿ ಕಡಿದು ಮರಿ ತೆಗೆಯುತ್ತಾರೆ. ಬಾಯಿ ಒಡೆದ ಪೊಟರೆಗೆ ಮಳೆ, ಹಾವು, ಬೆಕ್ಕು ಎಲ್ಲವೂ ಸಲೀಸು. ಮುಂದಿನ ವರ್ಷ ಅಲ್ಲಿ ಯಾವ ಹಕ್ಕಿಯೂ ಮೊಟ್ಟೆಯಿಡುವುದಿಲ್ಲ. ಒಂದು ವರ್ಷದ ಮರಿಗಾಗಿ ಮುಂದಿನ ಎಷ್ಟೋ ವರ್ಷಗಳ ಮನೆ ಹಾಳಾಗುತ್ತದೆ, ಹೊಲದ ಬೆಳೆಯಂತೂ ಇದರಿಂದ ಒಂದು ತೆನೆಯಷ್ಟೂ ಉಳಿಯುವುದಿಲ್ಲ.

ಹಾಗಾದರೆ ಬೆಳೆ ಉಳಿಸಿಕೊಳ್ಳುವುದು ಹೇಗೆ? ಗಿಳಿಯ ದಿನಚರಿಯೇ ಇದಕ್ಕೆ ದಾರಿ ತೋರಿಸುತ್ತದೆ. ದಿನವಿಡೀ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿಯಬೇಕಾಗಿಲ್ಲ. ಬೆಳಗಿನ ಮೂರು ಗಂಟೆ ಮತ್ತು ಸಂಜೆಯ ಎರಡು ಗಂಟೆಗಳ ಕಾವಲು ಮುಖ್ಯ. ಬೆದರುಬೊಂಬೆಯನ್ನು ಗಿಳಿ ಬೇಗನೆ ಗುರುತು ಹಿಡಿದು ಅದರ ತಲೆಯ ಮೇಲೆಯೇ ಕೂರುತ್ತದೆ. ಹೊಳೆಯುವ ರಿಬ್ಬನ್ನುಗಳನ್ನು ಗಾಳಿಗೆ ಅಲ್ಲಾಡುವಂತೆ ಕಟ್ಟಿದರೆ ಕೆಲವು ದಿನ ಹೆದರುತ್ತದೆ, ಆಮೇಲೆ ಅದಕ್ಕೂ ಒಗ್ಗುತ್ತದೆ. ಆದ್ದರಿಂದ ಬಿತ್ತಿದ ದಿನದಿಂದಲೇ ಕಟ್ಟದೆ ಹಾಲುಗಾಳಿನ ವಾರಗಳಿಗೆಂದು ಇಟ್ಟುಕೊಳ್ಳುವುದು ಜಾಣತನ. ಊರಿನವರೆಲ್ಲ ಒಂದೇ ಹದಕ್ಕೆ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ಎಲ್ಲರಿಗಿಂತ ಮೊದಲು ತೆನೆಯಾದ ಒಂಟಿ ಹೊಲಕ್ಕೆ ಸುತ್ತಲಿನ ಹಿಂಡೆಲ್ಲ ಬೀಳುವುದನ್ನು ನ್ಯಾಮತಿಯಲ್ಲಿ ನನ್ನ ಗೆಳತಿಯ ತಂದೆ ತೋರಿಸಿದರು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಖರ್ಚಿಲ್ಲದ ಒಂದು ಉಪಾಯ. ತೆನೆ ಹಾಲುಗಟ್ಟುವಾಗ ಅದೇ ಗಿಡದ ಪಕ್ಕದ ಎಲೆಗಳನ್ನು ತೆನೆಯ ಸುತ್ತ ತಂದು ಸುತ್ತಿ ಮುಚ್ಚಿಬಿಡುವುದು. ಗಿಳಿ ಕಣ್ಣಿನಿಂದ ತೆನೆಯನ್ನು ಆರಿಸುವ ಹಕ್ಕಿ. ಕಾಣದ ತೆನೆಯ ಗೋಜಿಗೆ ಅದು ಅಷ್ಟಾಗಿ ಹೋಗುವುದಿಲ್ಲ. ಎರಡು ಎಕರೆಗೂ ಹೀಗೆ ಸುತ್ತಲು ಕೈ ಸಾಲದು. ಆದರೆ ಅದು ಮೊದಲು ಇಳಿಯುವುದು ಅಂಚಿಗಲ್ಲವೇ? ಅಂಚಿನ ನಾಲ್ಕೈದು ಸಾಲುಗಳಿಗೆ ಸುತ್ತಿದರೆ ಬಹುಪಾಲು ಸಾಕು. ಕಳೆದ ಮುಂಗಾರಿನಲ್ಲಿ ನಾನೂ ಅವ್ವನೂ ತಮ್ಮನೂ ಎರಡು ದಿನ ಕುಳಿತು, ಅಲ್ಲ, ನಿಂತು, ಬೇವಿನ ಕಡೆಯ ಸಾಲುಗಳನ್ನು ಸುತ್ತಿದೆವು. ಎಲೆಯ ಅಲಗು ತಗಲಿ ಕೈಯೆಲ್ಲ ಗೀರು. ಆ ಸಾಲುಗಳಲ್ಲಿ ಹಾಳಾದ ತೆನೆಗಳು ಸುತ್ತದೆ ಬಿಟ್ಟ ಕಡೆಗಿಂತ ಎಷ್ಟೋ ಕಡಿಮೆಯಿದ್ದವು. ಅಪ್ಪ ಮುರಿದ ತೆನೆಗಳನ್ನು ಎರಡು ಗುಡ್ಡೆ ಮಾಡಿ ಬಹಳ ಹೊತ್ತು ನೋಡಿ, ಬರುವ ವರ್ಷ ಮೂರು ಕಡೆಯ ಅಂಚಿಗೂ ಸುತ್ತೋಣವೆಂದರು.

ಬೇವಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಯುಗಾದಿ ಕಳೆದು ಬರುತ್ತೇನೆಂದು ವ್ಯಾಪಾರಿ ಹೇಳಿಹೋಗಿದ್ದಾನೆ. ಆ ಹೊತ್ತಿಗೆ ಪೊಟರೆಯಲ್ಲಿ ಮರಿಗಳಿರುತ್ತವೆಂದು ಅಪ್ಪನಿಗೂ ಈಗ ಗೊತ್ತಿದೆ.